ಕಿರಿಬೆರಳಿನ ಸ್ವರ

ವಾಡಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತ ಜಯತೀರ್ಥನಿಗೆ ಪಕ್ಕದಲ್ಲಿದ್ದ ತಾರೀಕನ ಬೆರಳುಗಳ ಮೇಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಆ ಬೆರಳುಗಳು ಈಗ ಮಾಡುತ್ತಿದ್ದುದು ಮಹಾ ಕೆಲಸವೇನಲ್ಲ. ಕಾಗದದ ಪೊಟ್ಟಣದಲ್ಲಿದ್ದ ಚುರುಮುರಿ ಸುಸಲಾದಿಂದ ಹಸಿಮೆಣಸಿನಕಾಯಿಯ ಚೂರುಗಳನ್ನು ಆರಿಸಿ ಅಂಚಿಗೆ ಸರಿಸುತ್ತಿದ್ದವು, ಅಷ್ಟೆ. ಆದರೆ ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡಿಕೊಂಡಿರುವ ಇಪ್ಪತ್ಮೂರು ವರ್ಷದವನಿಗೆ ಇಷ್ಟು ಉದ್ದನೆಯ, ಇಷ್ಟು ಸಾವಧಾನದ ಬೆರಳುಗಳನ್ನು ಕೊಡುವ ದರ್ದು ದೇವರಿಗೆ ಏನಿತ್ತು ಎಂದು ಜಯತೀರ್ಥನಿಗೆ ನಿಜವಾಗಿಯೂ ಸಿಟ್ಟು ಬಂತು. ತನಗೆ ಅರವತ್ತೊಂದು. ಸೇಡಂನ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಹಾರ ಹಾಕಿಸಿಕೊಂಡು, ಹೋದ ವರ್ಷ ನಿವೃತ್ತನಾದವನು ತಾನು. ಭಾನುವಾರದ ಬೆಳಗ್ಗೆ ಒಬ್ಬ ರಿಪೇರಿ ಹುಡುಗನ ಕೈ ನೋಡುತ್ತ ಹೊಟ್ಟೆ ಉರಿಸಿಕೊಳ್ಳುತ್ತಿದ್ದೇನಲ್ಲ, ನಾಚಿಕೆಯಾಗಬೇಕು ಎಂದುಕೊಂಡ. ನಾಚಿಕೆ ಬರಲಿಲ್ಲ. ಹೊಟ್ಟೆಯುರಿ ಮಾತ್ರ ಇದ್ದಲ್ಲೇ ಇತ್ತು.

"ತಗೋರಿ ಸರ್," ಎಂದು ತಾರೀಕ ಪೊಟ್ಟಣ ಮುಂದೆ ಹಿಡಿದ. "ಖಾರ ಎಲ್ಲಾ ತೆಗದೀನ್ರಿ. ನಿಮಗ ಆಗಂಗಿಲ್ಲಂತ ರೇವಣಸಿದ್ದಣ್ಣ ಹೇಳಿದ."

ಬೇಡ ಎನ್ನುವಷ್ಟು ಧೈರ್ಯವಿಲ್ಲದೆ ಜಯತೀರ್ಥ ತಿಂದ. ಖಾರವಿಲ್ಲದ ಸುಸಲಾ ಚೆನ್ನಾಗಿಯೇ ಇತ್ತು. ಶಹಾಬಾದಿಗೆ ಹೋಗುವ ಗಾಡಿ ತಡವೆಂದು ಯಾರೋ ಹೇಳಿದ್ದರಿಂದ ರೇವಣಸಿದ್ದ ವಿಚಾರಿಸಲು ಹೋಗಿದ್ದ. ವಿಮೆ ಏಜೆಂಟನಾದ ಅವನು ಢೋಲಕ್ ಬಾರಿಸುತ್ತಿದ್ದ. ಈ ಪ್ರವಾಸ ಹೂಡಿದವನೂ ಅವನೇ. ತೀರಿಹೋಗಿ ಮೂರು ವರ್ಷವಾದ ಅಬ್ದುಲ್ ಗನಿಯ ಹಾಡುಗಳನ್ನು ಅವನು ಓಡಾಡಿದ ಐದು ಊರುಗಳಲ್ಲಿ ನುಡಿಸುವುದು, ಅವನ ನೆನಪಿಗೆ; ಗನಿಯ ಜಾಗದಲ್ಲಿ ಕೂತು ಹಾಡುವವನು ತಾರೀಕ. ಸೇಡಂ, ಚಿಂಚೋಳಿ, ಚಿತ್ತಾಪುರ ಮುಗಿದಿದ್ದವು. ನಿನ್ನೆ ಸಂಜೆ ವಾಡಿಯೂ ಆಯಿತು. ಉಳಿದದ್ದು ಗನಿ ಭಾಯಿಯ ಸ್ವಂತ ಊರು ಶಹಾಬಾದ್. ಸಂಜೆ ಅಲ್ಲಿಯ ಫಂಕ್ಷನ್ ಹಾಲಿನಲ್ಲಿ ಯಾರದೋ ಮದುವೆ ಆರತಕ್ಷತೆ ಇದ್ದುದರಿಂದ ಇವರಿಗೆ ಬೆಳಗಿನ ಹನ್ನೊಂದು ಗಂಟೆ ಸಿಕ್ಕಿತ್ತು. ಇವತ್ತು ಕಳೆದರೆ ತಾನು ಮನೆಗೆ ಹೋಗಿ ಗಿಟಾರನ್ನು ಗೂಟಕ್ಕೆ ತೂಗುಹಾಕಬಹುದು, ಈ ಹುಡುಗನ ಮುಖ ನೋಡುವುದು ತಪ್ಪುತ್ತದೆ ಎಂದು ಜಯತೀರ್ಥ ಲೆಕ್ಕ ಹಾಕಿದ. ಆದರೆ ಇವತ್ತು ಸುಮ್ಮನೆ ಕಳೆದುಬಿಟ್ಟರೆ ಈ ಹಾಡುಗಳಲ್ಲಿ ತಾನು ಎಲ್ಲಿಯೂ ಇರಲಿಲ್ಲ ಎಂದೇ ಆಗಿಬಿಡುತ್ತದಲ್ಲ.

ಗನಿ ಭಾಯ್ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಕೆಲಸದವನು. ಊರು ಬಿಟ್ಟು ಹೋಗುತ್ತಿದ್ದ ರೈಲ್ವೆ ಗಾರ್ಡ್ ಒಬ್ಬನಿಂದ ಇದೇ ವಾಡಿಯಲ್ಲಿ ಒಂದು ಹಳೇ ಗಿಟಾರ್ ಕೊಂಡು, ತತ್ವಪದದವರು ಏಕತಾರಿ ಮೀಟಿದ ಹಾಗೆ ಅದನ್ನು ಮೀಟಲು ಕಲಿತ. ಕಲ್ಲಿನ ಧೂಳು, ಗೂಡ್ಸ್ ಗಾಡಿ, ಕಾಗಿಣಾ ಹೊಳೆ, ಎಲ್ಲವೂ ಅವನ ಹಾಡಾಗುತ್ತಿದ್ದವು. ಈಗ ಈ ಸೀಮೆಯಲ್ಲಿ ಗಿಟಾರ್ ಹಿಡಿದ ಯಾವ ಪೋರನನ್ನು ಕೇಳಿದರೂ ಮೊದಲು ಕಲಿತದ್ದು 'ನೆಲ ಹಾಸಿದವನ ಹಾಡು' ಅನ್ನುತ್ತಾನೆ. 'ಊರಿಗೆಲ್ಲ ನೆಲ ಹಾಸಿದೆ, ನನ್ನ ಮನ್ಯಾಗ ಮಣ್ಣೇ ಅದ' ಎಂದು ಪಲ್ಲವಿ ಮುಗಿಯುವಾಗ, 'ಮಣ್ಣೇ' ಎನ್ನುವ ಮಾತಿನ ಮೇಲೆ, ಎತ್ತರದಿಂದ ಒಂದೇ ಒಂದು ಸ್ವರ ಬರುತ್ತದೆ. ಆ ಒಂದು ಸ್ವರಕ್ಕೆ ಜನ ಅಳುತ್ತಾರೆ. ಗನಿ ಭಾಯಿಯ ಎಡಗೈಯ ಕಿರಿಬೆರಳು ಕಲ್ಲು ಕೊಯ್ಯುವ ಮಶೀನಿಗೆ ಸಿಕ್ಕು ಬುಡದವರೆಗೆ ಹೋಗಿತ್ತು. ಸ್ವರ ಅವನ ತಲೆಯೊಳಗಿತ್ತು, ಒತ್ತಲು ಬೆರಳಿರಲಿಲ್ಲ. "ಆಚಾರ್ರೇ, ಅದೊಂದು ನೀವು ಒತ್ರಿ. ಇವತ್ತಿನಿಂದ ನನ್ನ ಕಿರಿಬಟ್ಟು ನೀವು," ಎಂದಿದ್ದ. ಇಪ್ಪತ್ತೆಂಟು ವರ್ಷ ಜಯತೀರ್ಥ ಎರಡನೇ ಗಿಟಾರ್ ಹಿಡಿದು ಗನಿ ಭಾಯಿಯ ಎಡಕ್ಕೆ ಕೂತು, ಎಲ್ಲ ಹಾಡಿಗೂ ಸುಮ್ಮನೆ ಹಿಂದಿಂದ ಮೀಟುತ್ತ, ಆ ಸ್ವರಕ್ಕಾಗಿ ಕಾದಿದ್ದ. ನಿಜ ಹೇಳಬೇಕೆಂದರೆ ಅವನು ಬದುಕಿನಲ್ಲಿ ತನ್ನದೆಂದು ಮಾಡಿದ್ದು ಅದೊಂದನ್ನೇ.

ಸೇಡಂನಲ್ಲಿ ಮೊದಲ ಕಾರ್ಯಕ್ರಮ. ಅದಕ್ಕೆ ಮುಂಚೆ ಪ್ರಾಕ್ಟೀಸಿಗೆ ಬರ್ರಿ ಎಂದು ರೇವಣಸಿದ್ದ ನಾಲ್ಕು ಸಲ ಫೋನ್ ಮಾಡಿದ್ದ. ಇಪ್ಪತ್ತೆಂಟು ವರ್ಷ ಅವನ ಜೊತೆ ಕೂತವನಿಗೆ ನಿನ್ನೆ ಮೊನ್ನೆಯ ಹುಡುಗರ ಜೊತೆ ಎಂಥ ಪ್ರಾಕ್ಟೀಸು ಎಂದು ಜಯತೀರ್ಥ ಗತ್ತು ಮಾಡಿ ಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ ಅವನ ಹಳೇ ವಿದ್ಯಾರ್ಥಿಗಳು ಕೂತಿದ್ದರು. ತಾರೀಕ ಹಾಡುತ್ತ ನುಡಿಸುತ್ತ ಪಲ್ಲವಿಯ ಕೊನೆಗೆ ಬಂದ. ಜಯತೀರ್ಥ ಕಣ್ಣು ಮುಚ್ಚಿ ಬೆರಳೆತ್ತಿದ. ಬೆರಳು ತಂತಿ ಮುಟ್ಟುವ ಮೊದಲೇ ಸ್ವರ ಕೇಳಿಸಿತು. ತನ್ನದೇ ಸ್ವರ, ಅದೇ ತೂಕ, ಅದೇ ಸಣ್ಣ ನಡುಕ, ಆದರೆ ಬಲಗಡೆಯಿಂದ. ಕಣ್ಣು ಬಿಟ್ಟರೆ ಆ ಹುಡುಗ ಉಂಗುರದ ಬೆರಳನ್ನು ಎಲ್ಲಿಂದೆಲ್ಲಿಗೋ ಎಳೆದು, ಕಿರಿಬೆರಳನ್ನು ಮಡಚಿ ಅಂಗೈಯೊಳಗೆ ಇಟ್ಟುಕೊಂಡು, ಒಬ್ಬನೇ ನುಡಿಸಿಬಿಟ್ಟಿದ್ದ. ಜನ ಚಪ್ಪಾಳೆ ಹೊಡೆದರು. ಜಯತೀರ್ಥ ಎತ್ತಿದ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ಕನ್ನಡಕ ಸರಿಮಾಡಿಕೊಂಡ.

ಆಮೇಲೆ ಗೊತ್ತಾಯಿತು, ಅವನು ಗನಿ ಭಾಯಿಯನ್ನು ಕಂಡವನೇ ಅಲ್ಲ. ಹಳೇ ಕ್ಯಾಸೆಟ್ಟುಗಳನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದರು, ಅದರಿಂದ ಕಲಿತವನು. ಒಂದೇ ಮೈಕಿನ ಮುಂದೆ ಇಬ್ಬರೂ ಕೂತು ರೆಕಾರ್ಡ್ ಮಾಡಿದ್ದು ಅವು. ಎರಡು ಗಿಟಾರು ಕಲೆತು ಒಂದೇ ಆಗಿತ್ತು. ಬೆರಳಿಲ್ಲದ ಉಸ್ತಾದರು ಇದನ್ನು ಹೇಗೆ ನುಡಿಸುತ್ತಿದ್ದರು ಎಂದು ತಲೆ ಕೆಡಿಸಿಕೊಂಡು, ತಾನೂ ಕಿರಿಬೆರಳಿಗೆ ಟೇಪ್ ಸುತ್ತಿ ಮಡಚಿಟ್ಟು, ಎರಡು ವರ್ಷ ಸಾಧನೆ ಮಾಡಿದ್ದನಂತೆ. ಇಬ್ಬರು ಕೂಡಿ ಮಾಡಿದ್ದನ್ನು ಒಬ್ಬನ ಪವಾಡವೆಂದು ನಂಬಿ, ಆ ಪವಾಡವನ್ನು ನಿಜವಾಗಿ ಮಾಡಿಬಿಟ್ಟಿದ್ದ ಮೂರ್ಖ. ರೇವಣಸಿದ್ದ ಅದನ್ನು ಪ್ರತಿ ಊರಿನಲ್ಲಿ ಮೈಕಿನಲ್ಲಿ ಕೂಗುತ್ತಿದ್ದ: "ಇಲ್ಲದ ಬೆರಳಿನಿಂದ ಆ ಸ್ವರ ತೆಗೆದ ನಮ್ಮ ಗನಿ ಸಾಹೇಬರು!" ಎಡಕ್ಕೆ, ಎರಡು ಮಾರು ದೂರದಲ್ಲಿ, ಆ ಇಲ್ಲದ ಬೆರಳು ಬಿಳಿ ಶರ್ಟು ಹಾಕಿಕೊಂಡು ಕೂತಿರುತ್ತಿತ್ತು.

ಹೇಳಬಹುದಿತ್ತು. ಆದರೆ ಯಾವ ಬಾಯಿಂದ ಹೇಳುವುದು? ಕ್ಯಾಸೆಟ್ಟಿನ ಮೇಲೆ ಹೆಸರು ಹಾಕಿಸಲು ಗನಿ ಭಾಯ್ ಕೇಳಿದ್ದ, ಒಂದಲ್ಲ ಮೂರು ಸಲ. ಜಯತೀರ್ಥನೇ ಬೇಡವೆಂದ. ಸರ್ಕಾರಿ ನೌಕರಿ, ಇಲಾಖೆಯ ಅನುಮತಿ ಬೇಕು ಎಂದ. ಅದು ಅರ್ಧ ನಿಜ. ಇನ್ನರ್ಧ ಅವನ ತಾಯಿ ಅನಸೂಯಾಬಾಯಿ. ಗುಡಿಯಲ್ಲಿ ಪೂಜೆ ಮಾಡುವ ಮನೆತನದವರು ಕಲ್ಲು ಕೊಯ್ಯುವ ಸಾಬರ ಜೊತೆ ದರ್ಗಾದ ಮುಂದೆ ಕೂತು ಹಾಡುತ್ತಾರೆಂದು ಮಠದ ಮಂದಿ ಆಡಿಕೊಂಡರೆ ತಾನು ಬಾವಿ ಬೀಳುತ್ತೇನೆ ಎಂದಿದ್ದಳು. ಅವಳು ಬೀಳುವವಳಲ್ಲ ಎಂದು ಮಗನಿಗೂ ಗೊತ್ತಿತ್ತು. ಗನಿ ಭಾಯ್ ನಕ್ಕು, "ಹೋಗ್ಲಿ ಬಿಡ್ರಿ, 'ಮತ್ತು ಸಂಗಡಿಗರು' ಅಂತ ಹಾಕಸ್ತೀನಿ. ಸಂಗಡಿಗರು ಅಂದ್ರ ನೀವಽ ಅಂತ ನನಗ ಗೊತ್ತದಲ್ಲ," ಎಂದ. ಆ ಗೊತ್ತಿದ್ದವನು ಈಗ ಮಣ್ಣಿನಲ್ಲಿದ್ದ. ಗನಿ ಭಾಯಿಯ ಮೇಲೂ ಜಯತೀರ್ಥನಿಗೆ ಹೊಟ್ಟೆಕಿಚ್ಚೇ ಇತ್ತು, ಮೊದಲಿನಿಂದಲೂ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಕಷ್ಟವೆಂದು ಅದನ್ನೆಲ್ಲ ಬದುಕಿದ್ದವನ ಮೇಲೆ ಹಾಕಿದ್ದೇನೆಯೇ ಎಂದು ಒಮ್ಮೊಮ್ಮೆ ಅನುಮಾನವಾಗುತ್ತಿತ್ತು.

ಚಿಂಚೋಳಿಯಲ್ಲಿ ಅವನೊಂದು ಸಣ್ಣತನ ಮಾಡಿದ. ತಾರೀಕ ಬಂದು ಕಾಲ ಹತ್ತಿರ ಕೂತು, ಎರಡನೇ ನುಡಿಯನ್ನು ಉಸ್ತಾದರು ಹೇಗೆ ಹಾಡುತ್ತಿದ್ದರು ಹೇಳ್ರಿ ಸರ್, ಕ್ಯಾಸೆಟ್ಟಿನಲ್ಲಿ ಅಲ್ಲಿ ಗರಗರ ಅನ್ನುತ್ತದೆ ಎಂದು ಕೇಳಿದ. ಗನಿ ಭಾಯ್ ಅಲ್ಲಿ ಓಡುತ್ತಿದ್ದ, ಗಾಡಿ ಬಿಟ್ಟ ಹಾಗೆ. "ಭಾಳ ನಿಧಾನ," ಎಂದ ಜಯತೀರ್ಥ, ಮುಖದ ಮೇಲೆ ಏನೂ ತೋರಿಸದೆ. "ನಿಂತಾನೇನೋ ಅನ್ನಬೇಕು, ಅಷ್ಟು ನಿಧಾನ." ಹಾಡು ಕೆಡುತ್ತದೆ, ಜನ ಎದ್ದು ಹೋಗುತ್ತಾರೆ ಎಂದು ಕಾದ. ಹುಡುಗ ಹಾಗೆಯೇ ಹಾಡಿದ, ಒಂದೊಂದು ಮಾತನ್ನೂ ಕೆಳಗಿಟ್ಟು ಕೆಳಗಿಟ್ಟು. ಐನಾಪುರದಿಂದ ಬಂದಿದ್ದ ಚಂದಮ್ಮ ಎಂಬ ಮುದುಕಿ ಎದ್ದು ಬಂದು ಅವನ ಗಲ್ಲ ಸವರಿ ನೆಟಿಕೆ ಮುರಿದಳು. ನಿಧಾನವಾಗಿ ಹಾಡಿದ್ದೇ ಚೆನ್ನಾಗಿತ್ತು. ಗನಿ ಭಾಯಿಗೂ ಅದು ಹೊಳೆದಿರಲಿಲ್ಲ. ಅಂದು ಜಯತೀರ್ಥ ಊಟ ಬಿಟ್ಟ, ಪಿತ್ತವೆಂದು ಹೇಳಿ.

ನಿನ್ನೆ ವಾಡಿಯಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ದೊಡ್ಡ ಮನುಷ್ಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸ್ಟೇಜಿನ ಮೇಲೆ ಬಂದ. ಜಯತೀರ್ಥ ಎದ್ದು ನಿಂತು ಶರ್ಟು ಜಗ್ಗಿಕೊಂಡ. ಆ ಮನುಷ್ಯ ಮೊಬೈಲನ್ನು ಜಯತೀರ್ಥನ ಕೈಗೆ ಕೊಟ್ಟು, "ಸರ್, ಒಂದು ಫೋಟೋ ಹೊಡೀರಿ, ನಮ್ದು ಮತ್ತ ಆ ಕಲಾವಿದರದು," ಎಂದ. ಹೊಡೆದ. ಮಸುಕಾಗಿದೆಯೆಂದು ಎರಡನೇ ಸಲವೂ ಹೊಡೆಸಿದರು.

ರೇವಣಸಿದ್ದ ಓಡಿ ಬಂದು ಗಾಡಿ ಬಂತೆಂದ. ರೈಲಿನ ಡಬ್ಬಿ ಅರ್ಧ ಖಾಲಿಯಿತ್ತು. ರೇವಣಸಿದ್ದ ಢೋಲಕ್ ಇಟ್ಟುಕೊಂಡು ಬಾಗಿಲ ಬಳಿ ಯಾರಿಗೋ ಫೋನಿನಲ್ಲಿ ಹಾಲಿನ ಕುರ್ಚಿಗಳ ಬಗ್ಗೆ ಜಗಳವಾಡತೊಡಗಿದ. ತಾರೀಕ ಕಿಟಕಿಯ ಜಾಗವನ್ನು ಜಯತೀರ್ಥನಿಗೆ ಬಿಟ್ಟು ಎದುರು ಕೂತ. ಹೊರಗೆ ಕಲ್ಲುಗಣಿಯ ಹೊಂಡಗಳಲ್ಲಿ ಹಸಿರು ನೀರು ನಿಂತಿತ್ತು, ದಂಡೆಯ ಮೇಲೆ ಚಪ್ಪಡಿಗಳನ್ನು ಒಟ್ಟಿದ್ದರು. ಶಹಾಬಾದ್ ಮುಂದಿನ ಊರೇ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಜಯತೀರ್ಥ ಮುಂದಕ್ಕೆ ಸರಿದು ಕೂತ. ನ್ಯಾಯಕ್ಕಾಗಿ ಹೇಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಬೇಕಾಗಿದ್ದದ್ದು ಆ ಮುಖ ಬಾಡುವುದನ್ನು ನೋಡುವುದು.

"ತಾರೀಕ, ಆ ಮ್ಯಾಲಿನ ಸ್ವರ ಅದಲ್ಲ, 'ಮಣ್ಣೇ' ಅಂಬಲ್ಲಿ. ಅದು ಗನಿ ಭಾಯ್ ನುಡಿಸಿದ್ದಲ್ಲ."

"ಹಾಂ ಸರ್?"

"ನಾ ನುಡಿಸಿದ್ದು. ಎರಡನೇ ಗಿಟಾರಿನ್ಯಾಗ. ಅವ್ರಿಗೆ ಅದು ಬರ್ತಿದ್ದಿಲ್ಲ, ಬೆರಳಽ ಇಲ್ಲಂದ್ರ ಹ್ಯಾಂಗ ಬರ್ತದ? ಇಬ್ಬರು ನುಡಿಸಿದ್ದನ್ನ ನೀ ಒಬ್ಬನೇ ನುಡಿಸಾಕತ್ತೀದಿ. ನಿನ್ನ ಎರಡು ವರ್ಷ ಸುಮ್ನ ಹೋದ್ವು."

ತಾರೀಕ ತನ್ನ ಎಡಗೈ ಎತ್ತಿ ನೋಡಿಕೊಂಡ. ಆಮೇಲೆ ಜಯತೀರ್ಥನ ಎಡಗೈ ನೋಡಿದ. ಸುಳ್ಳಿರಬಹುದು ಎಂಬ ಯೋಚನೆ ಅವನ ಮುಖದಲ್ಲಿ ಒಂದು ಗಳಿಗೆಯೂ ಹಾಯಲಿಲ್ಲ. ಒಮ್ಮೆಲೇ ತೊಡೆ ತಟ್ಟಿಕೊಂಡು ನಕ್ಕುಬಿಟ್ಟ.

"ಯಾ ಅಲ್ಲಾ! ಟೇಪ್ ಸುತಗೊಂಡು ಕುಂತಿದ್ದೆ ಸರ್ ನಾ! ನಮ್ಮ ಅಮ್ಮಿ ಹುಚ್ಚ ಹಿಡದದ ಇವನಿಗಿ ಅಂತಿದ್ಲು. ಖರೇನಽ ಹುಚ್ಚ!" ನಗು ನಿಂತ ಮೇಲೆ ಮೆಲ್ಲಗೆ ಹೇಳಿದ, "ಅಂದ್ರ ನಾ ಇಷ್ಟು ದಿನ ಹುಡುಕಾಕತ್ತಿದ್ದು ಅವರನ್ನಲ್ಲ, ನಿಮ್ಮನ್ನ. ಮತ್ತ ನೀವು ಬಾಜೂಕಽ ಕುಂತಿದ್ರಿ. ಯಾಕ್ ಹೇಳಲಿಲ್ರಿ ಸರ್?"

"ನೀ ಕೇಳಲಿಲ್ಲ."

"ಇವತ್ತ ನೀವಽ ನುಡಿಸ್ರಿ. ಆ ಜಾಗಾದಾಗ ನಾ ಕೈ ಬಿಡ್ತೀನಿ. ರೇವಣಸಿದ್ದಣ್ಣಗ ಹೇಳಿ ಮೈಕಿನ್ಯಾಗ ಹೇಳಸ್ತೀನಿ, ಇದು ಜಯತೀರ್ಥ ಸರ್ ಸ್ವರ ಅಂತ."

"ಬ್ಯಾಡ," ಎಂದ ಜಯತೀರ್ಥ. ಬಾಯಿ ತಾನಾಗಿಯೇ ಹೇಳಿತು, ಮೂವತ್ತು ವರ್ಷದ ಹಿಂದೆ ಹೇಳಿದ ಹಾಗೆ. "ನುಡಿಸ್ತೀನಿ, ಹೇಳೂದೇನು ಬ್ಯಾಡ. ಕಿವಿ ಇದ್ದವ್ರಿಗೆ ತಿಳೀತದ."

ಮುಖ ಬಾಡಿರಲಿಲ್ಲ. ಬದಲಿಗೆ ಹುಡುಗ ಹಬ್ಬ ಬಂದವನ ಹಾಗೆ ಅರಳಿ ಕೂತಿದ್ದ. ಎರಡು ವರ್ಷ ಬೆವರು ಸುರಿಸಿ ಗಳಿಸಿದ್ದನ್ನು ಹಲ್ಲಿಗೆ ಸಿಕ್ಕ ಅಡಕೆ ಚೂರು ತೆಗೆದು ಎಸೆದಷ್ಟು ಸುಲಭವಾಗಿ ಕೊಟ್ಟುಬಿಟ್ಟಿದ್ದ. ತನ್ನಿಂದ ಹೀಗೆ ಕೊಡಲು ಆಗುತ್ತಿರಲಿಲ್ಲ ಎಂಬುದು ಜಯತೀರ್ಥನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಇನ್ನಷ್ಟು ಉರಿಯಿತು.

ಹಾಲಿನಲ್ಲಿ ಮುನ್ನೂರು ಜನ ಇದ್ದರು. ಗಣಿಯ ಹಳೇ ಮಂದಿ, ಗನಿ ಭಾಯಿಯ ಜೊತೆ ಕಲ್ಲು ಹೊತ್ತವರು. ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಗನಿ ಭಾಯಿಯ ಹೆಂಡತಿ ರಹೀಮಾ ಭಾಭಿ. ಕಣ್ಣಿಗೆ ಪೊರೆ ಬಂದಿತ್ತು. ಸ್ಟೇಜಿನ ಮೇಲಿನವರು ಬಣ್ಣಗಳಷ್ಟೇ ಆಗಿ ಕಾಣುತ್ತಿದ್ದರೇನೋ. ತಲೆ ಬಗ್ಗಿಸಿ ಕಿವಿ ಮಾತ್ರ ಇತ್ತ ಕೊಟ್ಟು ಕೂತಿದ್ದಳು. ಮಗಳು ಜಬೀನಾ ಚಿತ್ತಾಪುರದಲ್ಲಿರುವುದರಿಂದ ಭಾಭಿ ಅಲ್ಲಿಯ ಕಾರ್ಯಕ್ರಮಕ್ಕೂ ಬಂದಿದ್ದಳು. ಈ ಕಿವಿಗೆ ತಿಳಿದರೆ ಸಾಕು, ಉಳಿದ ಮುನ್ನೂರು ಜನ ಯಾರಿಗೆ ಬೇಕು ಎಂದು ಜಯತೀರ್ಥನಿಗೆ ಅನ್ನಿಸಿತು. ಇಡೀ ಪ್ರವಾಸ ಈ ಒಂದು ಕಿವಿಗಾಗಿಯೇ ಮಾಡಿದಂತೆ ಅನ್ನಿಸಿತು. ತಾರೀಕ ಪಲ್ಲವಿ ಎತ್ತಿದ. 'ನನ್ನ ಮನ್ಯಾಗ' ಎಂದು ಹಾಡಿ, ತಲೆ ತಿರುಗಿಸಿ ಎಡಕ್ಕೆ ನೋಡಿ, ತಂತಿಯಿಂದ ಕೈ ಎತ್ತಿದ. ಜಯತೀರ್ಥ ಅವನ ಸ್ವರಕ್ಕೆ ಕಾಯುತ್ತಿದ್ದ. ಹನ್ನೆರಡು ದಿನದಲ್ಲಿ ಆ ಜಾಗದಲ್ಲಿ ಕೇಳುವುದು ಅಭ್ಯಾಸವಾಗಿಹೋಗಿತ್ತು. ತಾನು ನುಡಿಸಬೇಕೆಂದು ಹೊಳೆದು ಒತ್ತಿದಾಗ ಒಂದು ಕೂದಲೆಳೆ ತಡವಾಯಿತು. ಎರಡನೇ ಸಲ ಸರಿಯಾಗಿ ಬಂತು. ಮೂರನೇ ಸಲ, ನಾಲ್ಕನೇ ಸಲ, ಅವನಿಗೆ ಹಾಲ್, ಜನ, ಹುಡುಗ ಯಾವುದೂ ಇರಲಿಲ್ಲ. ಬಲಕ್ಕೆ ಗನಿ ಭಾಯಿಯ ಬೀಡಿ ವಾಸನೆ ಬಂದಂತಾಯಿತು. ಇದು ನಾನು, ಇದು ನಾನು, ಎಂದು ಸ್ವರ ಒಂದೊಂದು ಸಲವೂ ಹೇಳುತ್ತಿದೆ, ಯಾರಿಗೆ ಕೇಳಿಸದಿರಲು ಸಾಧ್ಯ ಎಂದುಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ರಹೀಮಾ ಭಾಭಿಯ ಮನೆ. ಹಾಲಿನ ಹಿಂದಿನ ಓಣಿಯೇ. ಈ ಮನೆಯ ಹೊರಗಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಇಬ್ಬರೂ ಕೂತು ನುಡಿಸುತ್ತಿದ್ದರು, ಗೋಡೆಯ ಆಚೆ ಭಾಭಿ ರೊಟ್ಟಿ ಬಡಿಯುತ್ತಿದ್ದಳು. ಅನಸೂಯಾಬಾಯಿ ಇರುವತನಕ ಜಯತೀರ್ಥ ಇಲ್ಲಿ ಚಹಾ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಭಾಭಿ ಒಮ್ಮೆಯೂ ಕೇಳಿರಲಿಲ್ಲ, ಯಾಕೆಂದು. ಈಗ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು. ರೇವಣಸಿದ್ದ ಜನ ಎಷ್ಟು ಕೂಡಿದ್ದರೆಂದು ಹೇಳಿದ್ದನ್ನೇ ಹೇಳುತ್ತಿದ್ದ. ಜಯತೀರ್ಥ ಅವಳ ಬಾಯಿ ನೋಡುತ್ತ ತುತ್ತು ಕೈಯಲ್ಲೇ ಹಿಡಿದು ಕೂತ. ಭಾಭಿ ತಡವರಿಸುತ್ತ ಬಂದು ತಾರೀಕನ ಎದುರು ಕೂತಳು.

"ಬೇಟಾ, ಕೈಗಿ ಏನಾರ ಆಗ್ಯದೇನು?"

"ಇಲ್ಲ ಖಾಲಾ, ಯಾಕ್ರಿ?"

"ಚಿತ್ತಾಪುರದಾಗ ಕೇಳಿದಾಗ ನಮ್ಮವ್ರೇ ಬಂದು ಕುಂತಂಗ ಆಗಿತ್ತು. ಈ ಗ್ವಾಡಿ ಆಚಿಂದ ಹ್ಯಾಂಗ ಕೇಳಸ್ತಿತ್ತೋ ಹಂಗಽ. ಇವತ್ತ ಯಾಕೋ ಆ ಮ್ಯಾಲಿನ ಜಾಗಾದಾಗ ತುಂಬಿ ಬರಲಿಲ್ಲ ನೋಡು. ಬ್ಯಾರೆ ಯಾರೋ ನುಡಿಸಿದಂಗಾಯ್ತು. ನನ್ನ ಕಿವೀನೂ ಹೋದ್ವೇನೋ."

ತಾರೀಕ ಒಮ್ಮೆ ಜಯತೀರ್ಥನ ಕಡೆ ನೋಡಿದ, ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಎಡಗೈಯನ್ನು ಭಾಭಿಯ ಮುಂದೆ ಚಾಚಿದ.

"ನಿಮ್ಮ ಕಿವಿ ಬರೋಬ್ಬರಿ ಅವ ಖಾಲಾ. ನಂದಽ ತಪ್ಪಾತು. ನಿನ್ನಿ ವಾಡಿಯಾಗ ಬಟ್ಟು ಉಳುಕಿತ್ತು. ಇವತ್ತ ನಡೀಲಿಲ್ಲ."

ಭಾಭಿ ಆ ಬೆರಳನ್ನು ಹಿಡಿದು ಬುಡದಿಂದ ನೀವತೊಡಗಿದಳು. ಕಾಳಗಿಯ ಸಂತೆಯಲ್ಲಿ ಒಮ್ಮೆ ಗನಿ ಭಾಯ್ ಶ್ರುತಿ ತಪ್ಪಿ ಇಡೀ ಹಾಡು ಎಡವಿದಾಗ, ಜಯತೀರ್ಥ ಎದ್ದು ನಿಂತು ಜನರಿಗೆ ಕೈಮುಗಿದಿದ್ದ, ನನ್ನ ತಂತಿ ಸಡಿಲಾಗಿತ್ತು, ಕ್ಷಮಿಸಿರಿ ಎಂದು. ಎರಡನೆಯವನ ಕೆಲಸ ಅದು. ಯಾರೂ ಕಲಿಸಿದ್ದಲ್ಲ. ಗನಿ ಭಾಯ್ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಈಗ ಈ ಹುಡುಗ ಅದನ್ನೂ ತೆಗೆದುಕೊಂಡಿದ್ದ. ಭಾಭಿ, ಅದು ನಾನು, ಎಂದರೆ ಮುಗಿಯಿತು, ಮೂರು ಮಾತು. ನುಡಿಸಿದ್ದು ನಾನು, ಇವತ್ತೂ ನಾನೇ, ಅಂದೂ ನಾನೇ, ನೀನು ಗೋಡೆಯಾಚೆಯಿಂದ ನಿನ್ನ ಗಂಡ ಎಂದು ಕೇಳಿದ್ದು ನನ್ನನ್ನು. ಹಾಗೆ ಹೇಳಿದರೆ ಅವಳ ಗಂಡನಿಂದ ಒಂದು ಸ್ವರ ಕಿತ್ತುಕೊಂಡಂತಾಗುತ್ತದೆ ಎಂದು ದೊಡ್ಡತನಕ್ಕೆ ಸುಮ್ಮನಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡ. ಅಲ್ಲ. ಅಂದು ನುಡಿಸಿದ್ದು ನಾನು ಎಂದರೆ ಇವತ್ತು ಕೆಡಿಸಿದ್ದೂ ನಾನೇ ಎನ್ನಬೇಕಾಗುತ್ತದೆ, ಅದಕ್ಕೆ ನಾಲಿಗೆ ಏಳಲಿಲ್ಲ. ಹುಡುಗನ ತಲೆ ತಗ್ಗಿತ್ತು. ಆ ತಗ್ಗಿದ ತಲೆಯ ಮೇಲೆ ಜಯತೀರ್ಥನಿಗೆ ಹುಟ್ಟಿದಷ್ಟು ಹೊಟ್ಟೆಕಿಚ್ಚು ಅವನ ಬೆರಳುಗಳ ಮೇಲೆ ಎಂದೂ ಹುಟ್ಟಿರಲಿಲ್ಲ.

"ಆಚಾರ್ರೇ," ಎಂದಳು ಭಾಭಿ, ಪೊರೆಗಣ್ಣುಗಳನ್ನು ಸುಮಾರಾಗಿ ಅವನಿದ್ದ ಕಡೆ ತಿರುಗಿಸಿ. "ಅವ್ರ ಬಾಜೂಕ ಅಷ್ಟು ವರ್ಷ ಕುಂತವ್ರು ನೀವು. ಈ ಹುಡುಗಗ ಆ ಒಂದು ಜಾಗಾ ಜರಾ ಹೇಳಿಕೊಡ್ರಿ. ಅವ್ರು ಹ್ಯಾಂಗ ನುಡಿಸ್ತಿದ್ರು ಅಂತ ನಿಮಗ ಗೊತ್ತಿರಬೇಕಲ್ಲ."

ಜಯತೀರ್ಥ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿದ.

"ಗೊತ್ತದ ಭಾಭಿ," ಎಂದ. "ಹೇಳಿಕೊಡ್ತೀನಿ."